ಹೊಳೆಗೆ ಹಾರದ ಅಂಬಿಗ: ಚಿತ್ರಕಥೆ, ಚಲನಚಿತ್ರ ಮತ್ತು ಅಭಿಮಾನ

ಭೀಮಾ ನದಿಯ ದಂಡೆಯಲ್ಲಿರುವ ನಮ್ಮ ಅಗರಖೇಡಕ್ಕೆ ಕಡುಬೇಸಿಗೆಯಲ್ಲಿ ಬಂದವರು, ಈ ನದಿಗೆ ಊರುಗಳನ್ನು ನಡುಗಿಸುವ ಶಕ್ತಿಯಿದೆಯೆಂದು ಹೇಳಿದರೆ ನಂಬಲಾರರು. ಎಲ್ಲಿ ನೋಡಿದರೂ ಉಸುಕು, ಕಲ್ಲು, ಅಲ್ಲಲ್ಲಿ ನಿಂತ ಮಡುಗಳು. ಅದೇ ನದಿಯನ್ನು ಮಳೆಗಾಲದಲ್ಲಿ ಕಂಡವರು ಮಾತ್ರ ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಇಂಥ ಎರಡು ಮುಖದ ನದಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಾವು, ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕರಾಗಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಮಕ್ಕಳಿಗಾಗಿ ಚಿತ್ರಕಥೆಗಳನ್ನು ರಚಿಸುತ್ತ ಬಂದೆವು.

"ನಿಮ್ಮ ಅಂಬಿಗನ ಕಥೆಗೆ ಅಷ್ಟೊಂದು ಅಭಿಮಾನಿಗಳಿದ್ದರಲ್ಲ, ಅದನ್ನು ನಡುವೆಯೇ ಏಕೆ ನಿಲ್ಲಿಸಿದಿರಿ? ಚಲನಚಿತ್ರವಾಗಬೇಕಾಗಿದ್ದ ಕಥೆ ಏಕೆ ಆಗಲಿಲ್ಲ?" ಎಂದು ಬಲ್ಲವರು ಇಂದಿಗೂ ಕೇಳುವುದುಂಟು. ಇದುವರೆಗೆ ನಕ್ಕು ಸುಮ್ಮನಾಗುತ್ತಿದ್ದೆವು. ನಿವೃತ್ತಿಯ ಬಿಡುವಿನಲ್ಲಿ ಕುಳಿತು ಯೋಚಿಸಿದಾಗ, ಆ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಮೇಲಿನ ಋಣವೆನಿಸಿತು. ಮಕ್ಕಳಿರುವ ಮನೆಗಳಲ್ಲಿ ಓದಲ್ಪಡುವ ಈ ಮಾಸಿಕವೇ ಆ ಉತ್ತರಕ್ಕೆ ತಕ್ಕ ಸ್ಥಳವೆಂದು ಭಾವಿಸಿ, ಮನಸ್ಸಿನಲ್ಲಿದ್ದುದನ್ನು ಸಹೃದಯ ವಾಚಕರ ಮುಂದೆ ಇಡುತ್ತಿದ್ದೇವೆ.

ಪರದೆಯ ಹಿಂದಿನ ದೀಪ

ಚಿತ್ರಕಥೆಯು ಪರದೇಶದಿಂದ ಬಂದ ಸರಕು ಎಂದು ಅನೇಕರು ತಿಳಿದಿದ್ದಾರೆ. ನಮಗೆ ಅದರ ಮೊದಲ ಪರಿಚಯವಾದದ್ದು ಊರ ಬಯಲಿನಲ್ಲಿ, ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದಲ್ಲಿ. ಎರಡು ಗಳಗಳ ನಡುವೆ ಬಿಗಿದ ಬಿಳಿಯ ಪರದೆ, ಅದರ ಹಿಂದೆ ಉರಿಯುವ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣಬಣ್ಣದ ತೊಗಲಿನ ಗೊಂಬೆಗಳು. ರಾಮಾಯಣದ ಗಂಭೀರ ಪ್ರಸಂಗದ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗಿ ಬಂದು ಜಗಳವಾಡಿದರೆ ಊರಿಗೆ ಊರೇ ನಗುತ್ತಿತ್ತು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂದು ವಿಶೇಷವುಂಟು. ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಗೊಂಬೆ ಇರುವಂತೆಯೇ, ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಕೊರೆದ ದೊಡ್ಡ ಗೊಂಬೆಗಳೂ ಇವೆ. ಗಿಡ, ಮೃಗ, ಅರಸ, ಸೇವಕ ಎಲ್ಲರೂ ಒಂದೇ ಅಂಚಿನೊಳಗೆ ಕೂಡಿ ನಿಂತಿರುತ್ತಾರೆ. ಇಂದಿನ ಚಿತ್ರಕಥೆಯ ಚೌಕಟ್ಟು ಎಂದರೆ ಅದೇ ಅಲ್ಲವೇ?

ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಇಣುಕಿದ್ದೆವು. ಒಳಗೆ ಒಬ್ಬ ಮುದುಕ ಬೆವರು ಒರೆಸಿಕೊಳ್ಳುತ್ತ ಗೊಂಬೆಗಳನ್ನು ಒಂದರ ಮೇಲೊಂದು ಜೋಡಿಸಿ ಇಡುತ್ತಿದ್ದ. ಹೊರಗೆ ಜನ ಹೊಗಳುತ್ತಿದ್ದುದು ರಾಮನನ್ನೂ ಹನುಮಂತನನ್ನೂ ಹೊರತು ಆ ಮುದುಕನನ್ನಲ್ಲ. ಅಭಿಮಾನವು ಸಲ್ಲುವುದು ಪಾತ್ರಕ್ಕೆ, ದುಡಿಮೆ ಉಳಿಯುವುದು ಪರದೆಯ ಹಿಂದಿನವನಿಗೆ ಎಂಬುದನ್ನು ಅಂದು ಕಣ್ಣಿನಿಂದ ಕಂಡೆವು. ಅದರ ಅರ್ಥ ತಿಳಿಯಲು ಮಾತ್ರ ಬಹಳ ವರ್ಷ ಬೇಕಾದವು.

ಸಿನಿಮಾ ಕಲಿಸಿದ ಪಾಠ

ನಮ್ಮ ಭಾಗದವರಿಗೆ ದೊಡ್ಡ ಪೇಟೆಯೆಂದರೆ ಸೊಲ್ಲಾಪುರ. ಹತ್ತಿಯ ವ್ಯಾಪಾರಕ್ಕೆ, ಮದುವೆಯ ಜವಳಿಗೆ, ದವಾಖಾನೆಗೆ ಅಲ್ಲಿಗೆ ಹೋಗುವುದು ವಾಡಿಕೆ. ಹೋದವರು ಒಂದು ಸಿನಿಮಾ ನೋಡದೆ ಮರಳುತ್ತಿರಲಿಲ್ಲ. ಥೇಟರಿನ ಹೊರಗೆ ಮನೆಯೆತ್ತರದ ಬಣ್ಣದ ಫಲಕಗಳು. ನಾಯಕಿಯ ಮುಖದ ಮೇಲೆ ನೀಲಿ ನೆರಳು, ಖಳನ ಕಣ್ಣಿನಲ್ಲಿ ಕೆಂಪು. ಒಳಗಿನ ಆಟಕ್ಕಿಂತ ಹೊರಗಿನ ಫಲಕವನ್ನೇ ನಾವು ಹೆಚ್ಚು ಹೊತ್ತು ನೋಡುತ್ತಿದ್ದೆವು. ಇಂಥ ಚಲನಚಿತ್ರದ ಫಲಕಗಳನ್ನೂ ಕ್ಯಾಲೆಂಡರಿನ ದೇವರ ಚಿತ್ರಗಳನ್ನೂ ಬರೆದು ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತರು (1916-1993) ನಮ್ಮ ನೆರೆಯ ಕಲಬುರಗಿಯವರೆಂದು ತಿಳಿದಾಗ, ನಮ್ಮ ಕಡೆಯವರ ಕೈಗೂ ಈ ವಿದ್ಯೆ ಒಲಿಯಬಲ್ಲದೆಂಬ ಧೈರ್ಯ ಬಂತು. ಇಂದು ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ.

ಕಥೆಯನ್ನು ಕಣ್ಣಿನಿಂದ ಹೇಳುವುದು ಹೇಗೆಂಬುದನ್ನು ಸಿನಿಮಾ ಕಲಿಸಿತು. ದೂರದಿಂದ ಊರನ್ನು ತೋರಿಸುವುದು, ಹತ್ತಿರ ಬಂದು ಮನೆಯನ್ನು ತೋರಿಸುವುದು, ಇನ್ನೂ ಹತ್ತಿರ ಬಂದು ನಡುಗುವ ಕೈಯೊಂದನ್ನೇ ತೋರಿಸುವುದು. ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ' (1955) ಚಿತ್ರವನ್ನು ತೆಗೆಯುವ ಮೊದಲು ಅದರ ದೃಶ್ಯಗಳನ್ನು ಪುಸ್ತಕವೊಂದರಲ್ಲಿ ಒಂದೊಂದಾಗಿ ಚಿತ್ರಿಸಿಕೊಂಡಿದ್ದರು. ಭಾರತದಲ್ಲಿ ಚಲನಚಿತ್ರಕ್ಕೆ ಅಡಿಗಲ್ಲು ಹಾಕಿದ ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆಯುವುದಕ್ಕಿಂತ ಮೊದಲು ರಾಜಾ ರವಿವರ್ಮನ ಚಿತ್ರಗಳನ್ನು ಮುದ್ರಿಸುತ್ತಿದ್ದ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು. ಚಿತ್ರ, ಚಿತ್ರಕಥೆ, ಚಲನಚಿತ್ರ ಇವು ಒಂದೇ ಮನೆಯ ಅಕ್ಕ-ತಂಗಿಯರು.

ಆದರೆ ಸಿನಿಮಾ ನಮಗೆ ಕಣ್ಣು ಕೊಟ್ಟಂತೆಯೇ ಕಣ್ಣಿಗೆ ಪೊರೆಯನ್ನೂ ತಂದಿತು. ಶಾಲೆಯಲ್ಲಿ ಬಸವಣ್ಣನವರ ಚಿತ್ರ ಬರೆಯಿರೆಂದು ಹೇಳಿದರೆ ಮಕ್ಕಳು ತಪ್ಪದೆ ಕ್ಯಾಲೆಂಡರಿನ ಮುಖವನ್ನೋ ಸಿನಿಮಾದ ಮುಖವನ್ನೋ ಬರೆಯುತ್ತಿದ್ದರು. 1959ರ 'ಜಗಜ್ಯೋತಿ ಬಸವೇಶ್ವರ' ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದ್ದರು. ಅದನ್ನು ನೋಡಿದ ಹಿರಿಯರಿಗೆ ಆ ಪಾತ್ರಗಳಿಗೆ ಬೇರೆ ಮುಖ ಕಲ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. ಹನ್ನೆರಡನೆಯ ಶತಮಾನದವರ ಮುಖವನ್ನು ನಾವಾರೂ ಕಂಡಿಲ್ಲ. ಹಾಗಿದ್ದೂ ಒಬ್ಬ ಕಲಾವಿದನ ಕಲ್ಪನೆ ಲಕ್ಷಾಂತರ ಜನರ ನೆನಪಾಗಿ ನಿಲ್ಲುತ್ತದೆ. ಈ ಶಕ್ತಿ ಎಷ್ಟು ದೊಡ್ಡದೋ ಅಷ್ಟೇ ಅಪಾಯದ್ದು ಎಂಬ ಅರಿವು ನಮಗೆ ತಡವಾಗಿ ಬಂತು.

ವಾಚನಾಲಯದ ಬೆಂಚಿನ ಮೇಲೆ

1965ರಲ್ಲಿ 'ಸುಧಾ' ವಾರಪತ್ರಿಕೆ ಆರಂಭವಾಯಿತು. ಲೀ ಫಾಕ್ 1936ರಲ್ಲಿ ಅಮೆರಿಕದಲ್ಲಿ ಸೃಷ್ಟಿಸಿದ ಫ್ಯಾಂಟಮ್ ಆ ಪುಟಗಳಲ್ಲಿ ಕನ್ನಡ ಮಾತನಾಡಿದ. ವಾಚನಾಲಯದ ಬೆಂಚಿನ ಮೇಲೆ ಒಂದು ಪ್ರತಿಗೆ ಆರು ತಲೆಗಳು ಬಾಗಿರುತ್ತಿದ್ದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ 'ಅಮರ ಚಿತ್ರ ಕಥೆ' ಆರಂಭಿಸಿದರು. ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡುತ್ತಿದ್ದಾಗ, ಗ್ರೀಕ್ ದೇವತೆಗಳ ವಿಷಯ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದನ್ನು ಕಂಡು ಅವರು ಈ ಕಾರ್ಯಕ್ಕೆ ಕೈಹಾಕಿದರೆಂಬುದು ಪ್ರಸಿದ್ಧ ಸಂಗತಿ. 2011ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶದ ಮಕ್ಕಳಿಗೆ 'ಅಂಕಲ್ ಪೈ' ಆಗಿಯೇ ಉಳಿದಿದ್ದರು.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದವರು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು (1921-2015). ವಿದ್ಯಾರ್ಥಿ ದೆಸೆಯಲ್ಲಿ ಡಾ. ಎಂ. ಶಿವರಾಂ ಅವರ 'ಕೊರವಂಜಿ' ಹಾಸ್ಯ ಮಾಸಿಕಕ್ಕೆ ಚಿತ್ರ ಬರೆದ ಲಕ್ಷ್ಮಣರು, ಮುಂದೆ 1951ರಿಂದ ಮುಂಬಯಿಯ ಪತ್ರಿಕೆಯಲ್ಲಿ ಒಬ್ಬ ಮುದುಕನನ್ನು ಪ್ರತಿದಿನ ನಿಲ್ಲಿಸಿದರು. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ. ಆ ಶ್ರೀಸಾಮಾನ್ಯ ಬಾಯಿ ಬಿಡುತ್ತಿರಲಿಲ್ಲ; ಸುಮ್ಮನೆ ನಿಂತು ನೋಡುತ್ತಿದ್ದ. ಏನೂ ಮಾಡದೆ ನಿಂತವನೂ ಕಥಾನಾಯಕನಾಗಬಲ್ಲನೆಂದು ನಮಗೆ ತೋರಿಸಿದವನು ಅವನೇ.

ಕಾಕಾ ಮತ್ತು ನಮ್ಮ ಅಂಬಿಗ

ನಮ್ಮ ಚಿಕ್ಕಂದಿನಲ್ಲಿ ಹೊಳೆ ದಾಟಿಸಲು ಹರಗೋಲು ಹಾಕುತ್ತಿದ್ದ ಒಬ್ಬರಿದ್ದರು. ಊರ ಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಒಂದು ಮಳೆಗಾಲದಲ್ಲಿ ಆಚೆಯ ದಂಡೆಗೆ ಹೋಗಬೇಕಾಗಿದ್ದ ಮದುವೆಯ ದಿಬ್ಬಣ ಬಂದು ನಿಂತಿತು. ಹೊಳೆಗೆ ಕೆಂಪು ನೀರು ಬಂದಿತ್ತು. ಕಾಕಾ ನೀರನ್ನು ನೋಡಿ, "ಇವತ್ತ ಆಗೂದಿಲ್ಲ" ಎಂದರು. ಹಿರಿಯರು ಬೇಡಿಕೊಂಡರು, ರೊಕ್ಕ ತೋರಿಸಿದರು, ಕೊನೆಗೆ ಹೇಡಿಯೆಂದು ಬೈದರು. ಕಾಕಾ ಹುಟ್ಟನ್ನು ಮೊಳಕಾಲ ಮೇಲೆ ಇಟ್ಟುಕೊಂಡು ಕುಳಿತವರು ಕದಲಲಿಲ್ಲ. ಮುಹೂರ್ತ ತಪ್ಪಿತು. ಮರುದಿನ ನೀರು ಇಳಿಯಿತು, ದಿಬ್ಬಣ ದಾಟಿತು. ಅವರ ಮಾತು ಸರಿಯೆಂದು ಸಿದ್ಧಪಡಿಸುವ ಯಾವ ದುರಂತವೂ ನಡೆಯಲಿಲ್ಲ. ಆದ್ದರಿಂದ ಅವರನ್ನು ಹೊಗಳುವ ಪ್ರಸಂಗವೂ ಬರಲಿಲ್ಲ. ಆ ದಿಬ್ಬಣದವರು ಬಹುಕಾಲ ಅವರನ್ನು ಹೀಯಾಳಿಸುತ್ತಲೇ ಇದ್ದರು.

1990ರ ಸುಮಾರಿಗೆ ಮಕ್ಕಳ ಪುಟವೊಂದಕ್ಕೆ ವಾರದ ಚಿತ್ರಕಥೆ ಬರೆಯುವ ಅವಕಾಶ ದೊರೆತಾಗ ನಾವು ಆರಿಸಿಕೊಂಡದ್ದು ಈ ಕಾಕಾನನ್ನು. ಹೆಸರಿಡದೆ 'ಅಂಬಿಗ' ಎಂದಷ್ಟೇ ಕರೆದೆವು. ಪುಟಕ್ಕೆ ಆರು ಚೌಕಟ್ಟು. ಮೊದಲು ಪೆನ್ಸಿಲಿನಲ್ಲಿ ತಿದ್ದಿ ತೀಡಿ, ಅನಂತರ ಮಸಿಯ ದೌತಿಗೆ ನಿಬ್ಬು ಅದ್ದಿ ಗೆರೆ ಎಳೆದು, ಕಪ್ಪು ತುಂಬಬೇಕಾದಲ್ಲಿ ಸಣ್ಣ ಬ್ರಶ್ ಆಡಿಸಿ, ತಪ್ಪಿದಲ್ಲಿ ಬಿಳಿ ಬಣ್ಣ ಹಚ್ಚಿ, ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬಿದರೆ ಒಂದು ಪುಟ ಸಿದ್ಧ. ಶಾಲೆ ಮುಗಿಸಿ ಬಂದು ರಾತ್ರಿ ಕುಳಿತರೆ ಒಂದು ಪುಟಕ್ಕೆ ಮೂರು ರಾತ್ರಿ ಬೇಕು. ವಿದ್ಯುತ್ತು ಹೋದರೆ ಕಂದೀಲು. ಎರಡು ರಟ್ಟುಗಳ ನಡುವೆ ಹಾಳೆಯನ್ನಿಟ್ಟು, ದಾರ ಕಟ್ಟಿ, ಇಂಡಿಯ ಅಂಚೆಕಚೇರಿಗೆ ಒಯ್ದು ರಿಜಿಸ್ಟರ್ ಮಾಡಿಸಬೇಕು. ಎರಡು ನಿಮಿಷದಲ್ಲಿ ಓದಿ ಮುಗಿಸುವ ಪುಟದ ಹಿಂದೆ ಮನೆಯವರೆಲ್ಲರ ನಿದ್ದೆಯೂ ಸೇರಿರುತ್ತದೆ.

ಅಭಿಮಾನದ ಸೆಳವು

ಕೆಲವು ವಾರಗಳಲ್ಲಿ ಪತ್ರಗಳು ಬರತೊಡಗಿದವು. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಅಥಣಿಯ ಮಕ್ಕಳ ಪತ್ರಗಳು. ಪೋಸ್ಟಕಾರ್ಡಿನ ತುಂಬ ಓರೆಕೋರೆ ಅಕ್ಷರ, ಮೂಲೆಯಲ್ಲಿ ಒಂದು ಹರಗೋಲಿನ ಚಿತ್ರ. ಜೀವಮಾನದಲ್ಲಿ ಅಷ್ಟು ಸಂತೋಷವನ್ನು ನಾವು ಬೇರೆ ಯಾವುದರಿಂದಲೂ ಪಡೆದಿಲ್ಲ. ಆದರೆ ಪತ್ರಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಬರುತ್ತಿತ್ತು: ಅಂಬಿಗ ಏಕೆ ಹೊಳೆಗೆ ಹಾರುವುದಿಲ್ಲ? ಫ್ಯಾಂಟಮ್ ಆಗಿದ್ದರೆ ಹಾರುತ್ತಿದ್ದ. ಸಿನಿಮಾದ ಹೀರೋ ಆಗಿದ್ದರೆ ಹಾರುತ್ತಿದ್ದ. ಪತ್ರಿಕೆಯವರೂ ಅದನ್ನೇ ಬರೆದರು.

ಓದುಗರ ಒತ್ತಾಯಕ್ಕೆ ದೊಡ್ಡವರೇ ಮಣಿದಿದ್ದಾರೆ. ಇಂಗ್ಲೆಂಡಿನ ಕಾನನ್ ಡಾಯ್ಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದ ಕಂದರದಲ್ಲಿ ಕೊಂದುಹಾಕಿದಾಗ ಓದುಗರು ಸಿಡಿದೆದ್ದರು. ಹತ್ತು ವರ್ಷಗಳ ಮೇಲೆ, 1903ರಲ್ಲಿ, ಸತ್ತವನನ್ನು ಬದುಕಿಸಿ ತರಬೇಕಾಯಿತು. ಹೀಗಿರುವಾಗ ಅಗರಖೇಡದ ಡ್ರಾಯಿಂಗ್ ಮಾಸ್ತರನ ಪಾಡೇನು? ಏಳನೆಯ ಕಂತಿನಲ್ಲಿ ನಮ್ಮ ಅಂಬಿಗನ ತೋಳುಗಳು ಉಬ್ಬಿದವು, ಎದೆ ಅಗಲವಾಯಿತು, ಕೂದಲು ಗಾಳಿಗೆ ಹಾರಿತು. ತುಂಬಿದ ಹೊಳೆಗೆ ದಂಡೆಯ ಬಂಡೆಯಿಂದ ಜಿಗಿದು, ತೇಲಿಹೋಗುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದ. ಪತ್ರಗಳು ಕಟ್ಟುಕಟ್ಟಾಗಿ ಬಂದವು. ಒಂದು ದಿನ ಚಲನಚಿತ್ರ ತೆಗೆಯುವವರೊಬ್ಬರು ವಿಜಾಪುರದ ವಸತಿಗೃಹಕ್ಕೆ ನಮ್ಮನ್ನು ಕರೆಸಿದರು. ಅಂಬಿಗನಿಗೆ ಎರಡು ಹಾಡು, ಒಬ್ಬ ನಾಯಕಿ, ಇನ್ನೂ ನಾಲ್ಕು ಜಿಗಿತ ಬೇಕೆಂದರು. ನಾವು ಒಪ್ಪಿಯೇ ಬಂದೆವು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆ ವಾರವೇ ಎರಡು ಸಂಗತಿಗಳು ನಡೆದವು. ತಾಳಿಕೋಟೆಯ ಹತ್ತಿರದ ಒಂದು ಊರಿನಿಂದ ತಾಯಿಯೊಬ್ಬರ ಪತ್ರ ಬಂತು. ಡೋಣಿ ಹೊಳೆಗೆ ಹೊಸ ನೀರು ಬಂದ ದಿನ ಅವರ ಮಗ ಗೆಳೆಯರ ಮುಂದೆ ಅಂಬಿಗನ ಆಟವಾಡಿ ಜಿಗಿದಿದ್ದ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಸೀರೆ ಎಸೆದು ಎಳೆದುಕೊಂಡಿದ್ದರು. ತೋಳು ಮುರಿದಿತ್ತು, ಜೀವ ಉಳಿದಿತ್ತು. ಆ ತಾಯಿ ನಮ್ಮನ್ನು ಬೈದಿರಲಿಲ್ಲ. "ಹಾಸಿಗೆಯಲ್ಲಿ ಮಲಗಿ ನಿಮ್ಮ ಮುಂದಿನ ಕಥೆಗೆ ಕಾಯುತ್ತಿದ್ದಾನೆ" ಎಂದಷ್ಟೇ ಬರೆದಿದ್ದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಎರಡನೆಯದು ಕಾಕಾನ ಮಾತು. ಅವರು ಓದು ಬಲ್ಲವರಲ್ಲ. ಮೊಮ್ಮಗಳು ಓದಿ ತೋರಿಸಿದ್ದಳು. ದಾರಿಯಲ್ಲಿ ನಮ್ಮನ್ನು ನಿಲ್ಲಿಸಿ ಹೇಳಿದರು: "ಮಾಸ್ತರ್ರ, ಮೊದಲ ಆರು ವಾರ ಇದ್ದಾಂವ ನಾನು. ಈಗ ಹಾರಾಕತ್ತಾನಲ್ಲ, ಇಂವ ಯಾರೋ ಗೊತ್ತಿಲ್ಲ. ಹೊಳಿ ಬಂದಾಗ ಹಾರಾಂವ ಅಂಬಿಗ ಅಲ್ರಿ, ಹುಚ್ಚ." ನಾವು ತಲೆ ತಗ್ಗಿಸಿ, "ಹುಡುಗರು ಕೇಳತಾರ್ರಿ ಕಾಕಾ" ಎಂದೆವು. ಅವರು, "ದಿಬ್ಬಣದವರೂ ಕೇಳಿದ್ರರೀ" ಎಂದು ಹೇಳಿ ನಡೆದುಬಿಟ್ಟರು.

ಮಾತಿಲ್ಲದ ಒಂದು ಪುಟ

ಮುಂದಿನ ಪುಟಕ್ಕೆ ನಾವು ಆರು ಚೌಕಟ್ಟು ಹಾಕಲಿಲ್ಲ. ತೊಗಲುಗೊಂಬೆಯ ದೊಡ್ಡ ದೃಶ್ಯದಂತೆ ಇಡೀ ಪುಟಕ್ಕೆ ಒಂದೇ ಚಿತ್ರ. ಮುಂದೆ ಉಕ್ಕುವ ಹೊಳೆ, ಹಿಂದೆ ಕೈಯೆತ್ತಿ ಬೈಯುವ ಜನ, ನಡುವೆ ಹುಟ್ಟನ್ನು ಮೊಳಕಾಲ ಮೇಲೆ ಇಟ್ಟು ಕುಳಿತ ಮುದುಕ. ತೋಳುಗಳು ಮತ್ತೆ ಸೊರಗಿದ್ದವು. ಎಲ್ಲಿಯೂ ಮಾತಿನ ಗುಳ್ಳೆ ಇರಲಿಲ್ಲ. ಅದು ಅಚ್ಚಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಟ್ಟಿನವು. ಎರಡು ತಿಂಗಳಲ್ಲಿ ಕಥೆ ನಿಂತಿತು. ಸಿನಿಮಾದವರಿಗೆ ನಾವೇ ಬೇಡವೆಂದು ಬರೆದೆವು.

ಅಚ್ಚಾದ ಆ ಪುಟವನ್ನು ಕಾಕಾನಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, ದಂಡೆಯ ಮೇಲಿನ ಹರಗೋಲಿನ ಮೇಲೆ ಬೆರಳಿಟ್ಟು, "ದಂಡಿ ಮ್ಯಾಲೆ ಇದು ಬೋರಲ ಇರಬೇಕ್ರಿ. ನೀವು ಅಂಗಾತ ಇಟ್ಟೀರಿ" ಎಂದರು. ಬೇರೆ ಏನನ್ನೂ ತಿದ್ದಲಿಲ್ಲ. ನಮಗೆ ದೊರೆತ ವಿಮರ್ಶೆಗಳಲ್ಲಿ ಅದಕ್ಕಿಂತ ಮಿಗಿಲಾದುದಿಲ್ಲ.

ಇಂಥ ಇಕ್ಕಟ್ಟು ನಮ್ಮೊಬ್ಬರದೇ ಅಲ್ಲವೆಂದು ಮುಂದೆ ತಿಳಿಯಿತು. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಆರಂಭವಾದ ಮೇಲೆ, ಅವನನ್ನು ಅನುಕರಿಸಲು ಹೋಗಿ ಮಕ್ಕಳು ಅಪಾಯಕ್ಕೆ ಒಳಗಾಗುತ್ತಿದ್ದಾರೆಂಬ ಕಳವಳ ದೇಶದಲ್ಲೆಲ್ಲ ಎದ್ದಿತು. ನಟ ಮುಕೇಶ್ ಖನ್ನಾ ಅವರೇ ಹಾಗೆ ಮಾಡಬೇಡಿರೆಂದು ಮಕ್ಕಳಿಗೆ ತಿಳಿಹೇಳಬೇಕಾಯಿತು. ಅಮೆರಿಕದಲ್ಲಿ ಬಿಲ್ ವಾಟರ್‌ಸನ್ ಎಂಬ ಚಿತ್ರಕಥೆಗಾರರು ಒಬ್ಬ ತುಂಟ ಹುಡುಗ ಮತ್ತು ಅವನ ಹುಲಿಗೊಂಬೆಯ ಕಥೆಯನ್ನು 1985ರಿಂದ ಹತ್ತು ವರ್ಷ ಬರೆದರು. ಜಗತ್ತೇ ಮೆಚ್ಚಿದ ಆ ಜೋಡಿಯನ್ನು ಆಟಿಕೆಯಾಗಿ ಮಾರಲು ಒಪ್ಪದೆ, 1995ರ ಕೊನೆಯ ದಿನ ತಾವಾಗಿಯೇ ಮುಗಿಸಿದರು. ಅವರ ಕೀರ್ತಿಗೂ ನಮಗೂ ಅಜಗಜಾಂತರವಿದ್ದರೂ, ಆ ಸುದ್ದಿ ಓದಿದ ದಿನ ದೂರದ ನಂಟನೊಬ್ಬ ಸಿಕ್ಕಂತಾಯಿತು.

ಋಣ ಯಾವುದು?

ಹಾಗಾದರೆ ಅಭಿಮಾನಿಗಳ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಡಾ. ರಾಜಕುಮಾರರು ಅಭಿಮಾನಿಗಳನ್ನು ದೇವರೆಂದು ಕರೆದರು. ನಾಡಿಗೆ ನಾಡೇ ಆ ಮಾತನ್ನು ನೆನೆಯುತ್ತದೆ. ನಮ್ಮ ಅನುಭವದಲ್ಲಿ ಅದರ ಅರ್ಥ ಹೀಗೆ: ದೇವರ ಮುಂದೆ ನಿಂತವನು ಸುಳ್ಳು ಹೇಳಬಾರದು. ಮಕ್ಕಳು ಜಿಗಿತವನ್ನು ಕೇಳಿದರು. ಅದು ಅವರ ವಯಸ್ಸಿಗೆ ಸಹಜ. ತುಂಬಿದ ಹೊಳೆ ಹೇಗಿರುತ್ತದೆಂದು ಬಲ್ಲ ನಾವು, ಅದು ಸುಲಭವೆಂಬಂತೆ ಬರೆದುಕೊಟ್ಟೆವು. ತಪ್ಪು ಕೇಳಿದವರದಲ್ಲ, ಬಲ್ಲವರದು.

ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿದರು. ಆ ಹಾಡುಗಳನ್ನು ಕಟ್ಟಿದ ತಾಯಂದಿರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೆ ಅಭಿಮಾನಿಗಳಿರಲಿಲ್ಲ, ಕೇಳುವವರಿದ್ದರು. ಎದುರಿಗೆ ಕುಳಿತು ಜೊತೆಗೆ ಬೀಸುವವಳಿಗೆ ಹುಸಿಯಾದ ಹಾಡು ಹಾಡಿದರೆ ಸಲ್ಲುತ್ತಿರಲಿಲ್ಲ. ನಮಗೂ ಕಾಕಾ ಹಾಗೆ ಎದುರಿಗೆ ಕುಳಿತವರು.

2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದು ತೀರದ ಹಳ್ಳಿಗಳು ಜಲಾವೃತವಾದವು. ಕಾಕಾ ತೀರಿಕೊಂಡು ಬಹಳ ವರ್ಷವಾಗಿತ್ತು. ತೋಟದ ವಸತಿಗಳಿಂದ ಜನರನ್ನು ದೋಣಿಯಲ್ಲಿ ತರುತ್ತಿದ್ದ ಸುಮಾರು ನಲವತ್ತರ ಪ್ರಾಯದವರೊಬ್ಬರು ನಮ್ಮ ಗುರುತು ಹಿಡಿದರು. "ಸರ್, ಸಣ್ಣಾಂವ ಇದ್ದಾಗ ನಿಮ್ಮ ಅಂಬಿಗನ ಕಥಿ ಓದೀನ್ರಿ. ಏನ್ ಹಾರತಿದ್ದ ಅಂತೀನಿ!" ಎಂದು ಕಣ್ಣರಳಿಸಿದರು. ನೆನಪಿನಲ್ಲಿ ಉಳಿದದ್ದು ಜಿಗಿತವೇ. ಕುಳಿತ ಮುದುಕನ ಪುಟ ಅವರಿಗೆ ನೆನಪಿರಲಿಲ್ಲ. ನಮಗೆ ನಗೆಯೂ ಬಂತು, ಸ್ವಲ್ಪ ವ್ಯಥೆಯೂ ಆಯಿತು. ಅಷ್ಟರಲ್ಲಿ ಅವರು ಮುಂದಿನ ಸರದಿಗೆ ಹೊರಟರು. ಆಚೆಯಿಂದ ಮರಳುವಾಗ ದೋಣಿ ಹತ್ತಿದವರನ್ನು ಎಣಿಸಿದರು. ಇಬ್ಬರು ಹೆಚ್ಚಾಗಿದ್ದರು. ಅವರು ಎಷ್ಟು ಗೋಗರೆದರೂ ಕೇಳದೆ ಕೆಳಗಿಳಿಸಿ, ಎತ್ತರದ ದಿನ್ನೆಯ ಮೇಲೆ ನಿಲ್ಲಿಸಿ, ಮುಂದಿನ ಸಲ ಬರುವೆನೆಂದು ಹೇಳಿ ಹುಟ್ಟು ಹಾಕಿದರು. ಆ ಇಬ್ಬರನ್ನೂ ಕರೆತಂದ ಮೇಲೆಯೇ ಅವರು ಚಹಾ ಕುಡಿದದ್ದು.

ಅದನ್ನು ಎಲ್ಲಿ ಕಲಿತಿರೆಂದು ನಾವು ಕೇಳಲಿಲ್ಲ. ಹೊಳೆಯೇ ಕಲಿಸಿರಬಹುದು. ತಂದೆ-ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳ ಕೈಗೆ ಚಿತ್ರಕಥೆಯನ್ನು ಕೊಡಿರಿ, ಸಿನಿಮಾಕ್ಕೂ ಕರೆದೊಯ್ಯಿರಿ. ಮರಳಿ ಬರುವಾಗ, ಹಾರಿದವನ ಕಥೆಯ ಜೊತೆಗೆ ಹಾರದೆ ಕುಳಿತವನ ಕಥೆಯನ್ನೂ ನಿಮ್ಮ ಬಾಯಿಯಿಂದಲೇ ಹೇಳಿರಿ. ನಾವು ಈಗಲೂ ವಾರಕ್ಕೊಂದು ಪುಟ ಬರೆಯುತ್ತೇವೆ, ಕೈ ನಡುಗುವುದರಿಂದ ಮೂರರ ಬದಲು ಆರು ರಾತ್ರಿ ಹಿಡಿಯುತ್ತದೆ. ದಂಡೆಯ ಮೇಲೆ ಹರಗೋಲು ಬರೆಯಬೇಕಾಗಿ ಬಂದರೆ, ಮರೆಯದೆ ಅದನ್ನು ಬೋರಲು ಇಡುತ್ತೇವೆ.